ಎಲ್ಲ ಅಲ್ಟ್ರಾ ಮಾಡಿದರೂ ನೆರಳು ಯಾಕೆ ಗರಗಸ?

ಪ್ರಶ್ನೆ: ಕಂಪ್ಯೂಟರ್‌ನಲ್ಲಿ 2011ರ ಹಳೆಯ ಆಟ ಸ್ಕೈರಿಮ್ ಈಗ ಆಡುತ್ತಿದ್ದೇನೆ. ಎಲ್ಲ ಸೆಟ್ಟಿಂಗ್ ಅಲ್ಟ್ರಾದಲ್ಲಿದೆ, ಅಂದರೆ ಅತಿ ಮೇಲಿನ ಮಟ್ಟದಲ್ಲಿ, ಆದರೂ ಮುಖದ ಮೇಲೆ ಬೀಳುವ ನೆರಳು ಗರಗಸದ ಹಲ್ಲಿನ ಹಾಗೆ ಕಾಣುತ್ತದೆ. ಆಟದ ಸೆಟ್ಟಿಂಗ್ ಬರೆದಿರುವ ಐಎನ್‌ಐ ಫೈಲ್ ತೆರೆದು ನೆರಳಿನ ರೆಸಲ್ಯೂಷನ್ 8192 ಮಾಡಿದೆ. ಆಟ ತೆವಳೋಕೆ ಶುರುವಾಯ್ತು. ಬೇರೆ ದಾರಿ ಇದೆಯಾ?

ಉತ್ತರ: ಇದೆ, ಮತ್ತು ಅದಕ್ಕೆ ಸಂಖ್ಯೆ ಏರಿಸಬೇಕಿಲ್ಲ, ಇಳಿಸಬೇಕು. ಮೊದಲು ಆ 8192 ಅನ್ನು 4096ಕ್ಕೆ ವಾಪಸ್ ತನ್ನಿ. ಉದ್ದ, ಅಗಲ ಎರಡೂ ದುಪ್ಪಟ್ಟಾದರೆ ಪಿಕ್ಸೆಲ್ ನಾಲ್ಕು ಪಟ್ಟಾಗುತ್ತದೆ ಅಲ್ವಾ, ಗ್ರಾಫಿಕ್ಸ್ ಕಾರ್ಡ್ ಸುಸ್ತಾಗಿದ್ದು ಅದಕ್ಕೇ.

ಆಟ ನೆರಳನ್ನು ಒಂದು ಚಿತ್ರದಲ್ಲಿ ಬರೆದಿಟ್ಟುಕೊಂಡು ಅದನ್ನು ನೆಲದ ಮೇಲೆ ಹಾಸುತ್ತದೆ. ಚಿತ್ರದ ಅಳತೆ ಬದಲಾಗುವುದಿಲ್ಲ. ಅದನ್ನು ದೂರದ ತನಕ ಎಳೆದರೆ, ಎಳೆದ ಬಟ್ಟೆಯ ನೇಯ್ಗೆ ಬಿಟ್ಟುಕೊಳ್ಳುವ ಹಾಗೆ ಪಿಕ್ಸೆಲ್‌ಗಳು ದಪ್ಪವಾಗುತ್ತವೆ, ನಿಮಗೆ ಕಾಣುವ ಹಲ್ಲು ಇದೇ. ಅಲ್ಟ್ರಾ ಒತ್ತಿದಾಗ ಆ ದೂರ ಆಟದ ಅಳತೆಯಲ್ಲಿ 8000 ಆಗುತ್ತದೆ, ಹೈನಲ್ಲಿ 4000 ಇರುತ್ತದೆ. ಡಾಕ್ಯುಮೆಂಟ್ಸ್ ಒಳಗೆ ಮೈ ಗೇಮ್ಸ್, ಅದರೊಳಗೆ ಸ್ಕೈರಿಮ್ ಫೋಲ್ಡರ್, ಅಲ್ಲಿ ಸ್ಕೈರಿಮ್‌ಪ್ರೆಫ್ಸ್ ಫೈಲ್ ತೆರೆದು ಎಫ್‌ಶ್ಯಾಡೋಡಿಸ್ಟನ್ಸ್ ಅನ್ನುವ ಸಾಲಿನಲ್ಲಿ 4000 ಹಾಕಿ. ಮೊದಲಕ್ಷರ ಅಳಿಸಬೇಡಿ, ಎಫ್ ಅಂದರೆ ದಶಮಾಂಶದ ಸಂಖ್ಯೆ, ಐ ಅಂದರೆ ಪೂರ್ಣ ಸಂಖ್ಯೆ, ಬಿ ಅಂದರೆ ಸೊನ್ನೆ ಅಥವಾ ಒಂದು.

ಒಂದು ನಷ್ಟ ಇದೆ. ದೂರದ ಬೆಟ್ಟದ ಮೇಲೆ ನೆರಳಿರುವುದಿಲ್ಲ, ನೀವು ನಡೆದ ಹಾಗೆ ಮುಂದೆ ತಟ್ಟನೆ ಮೂಡುತ್ತದೆ. ನನಗೆ ಅದು ಸಹಿಸಬಹುದಾದದ್ದು, ಎದುರು ನಿಂತು ಮಾತಾಡುವವರ ಮೂಗಿನ ಕೆಳಗೆ ಕಪ್ಪು ಮೆಟ್ಟಿಲು ಕಾಣೋದು ಮಾತ್ರ ಆಗಲ್ಲ. ಅದೇ ಫೈಲ್‌ನಲ್ಲಿ ಬಿಟ್ರೀಸ್‌ರಿಸೀವ್‌ಶ್ಯಾಡೋಸ್, ಬಿಡ್ರಾಲ್ಯಾಂಡ್‌ಶ್ಯಾಡೋಸ್ ಎರಡೂ ಸೊನ್ನೆಯಲ್ಲಿರುತ್ತವೆ. ಒಂದು ಮಾಡಿ. ಮರಗಳ ಮೇಲೂ ನೆರಳು ಬೀಳುತ್ತದೆ, ದಿಬ್ಬಗಳೂ ನೆರಳು ಚೆಲ್ಲುತ್ತವೆ, ಬೆಳಗಿನ ಹೊತ್ತಿನ ಕಾಡು ಬೇರೆಯೇ ಜಾಗದ ಹಾಗೆ ಕಾಣುತ್ತದೆ. ಸೆಕೆಂಡಿಗೆ ಮೂಡುವ ಫ್ರೇಮ್ ಸ್ವಲ್ಪ ಕಡಿಮೆಯಾಗಬಹುದು.

ಸುತ್ತಲಿನ ಎಷ್ಟು ಜಾಗ ಲೋಡ್ ಆಗಬೇಕು ಅಂತ ಹೇಳುವ ಯುಗ್ರಿಡ್ಸ್‌ಟುಲೋಡ್ ಸಾಲನ್ನು ಮಾತ್ರ ಮುಟ್ಟಬೇಡಿ. ಸುಮ್ನೆ ಹೇಳುತ್ತಿಲ್ಲ. 5 ಅಂದರೆ ನಿಮ್ಮ ಸುತ್ತ 25 ಚೌಕ ಪೂರ್ತಿ ಲೋಡ್ ಆಗಿರುತ್ತದೆ, 7 ಮಾಡಿದರೆ 49. ನೋಟ ಚೆನ್ನಾಗಿರುತ್ತದೆ ನಿಜ, ಆದರೆ 7ರಲ್ಲಿ ಸೇವ್ ಮಾಡಿದ ಆಟ ಮತ್ತೆ 5ಕ್ಕೆ ತಂದರೆ ತೆರೆಯುವಾಗಲೇ ಕ್ರ್ಯಾಶ್ ಆಗಬಹುದು. ಎಷ್ಟೋ ವಾರದ ಆಟ ಹೋದರೆ ಹೊಟ್ಟೆ ಉರಿಯುತ್ತದೆ.

ಆಟ ಮುಚ್ಚಿ, ಫೈಲ್‌ನ ಒಂದು ಕಾಪಿ ಇಟ್ಟುಕೊಂಡು ತಿದ್ದಿ. ಒಂದು ಸಲಕ್ಕೆ ಒಂದೇ ಸಾಲು. ಒಂದೇ ಸೇವ್ ತೆರೆದು, ಅದೇ ಜಾಗದಲ್ಲಿ ನಿಂತು ಸ್ಕ್ರೀನ್‌ಶಾಟ್ ತೆಗೆದು ಹೋಲಿಸಿ, ಇಲ್ಲದಿದ್ದರೆ ಯಾವ ಸಾಲು ಕೆಲಸ ಮಾಡಿತು ಅಂತ ಗೊತ್ತಾಗಲ್ಲ. ಆಮೇಲೆ ಲಾಂಚರ್‌ನಲ್ಲಿ ಅಲ್ಟ್ರಾ ಮತ್ತೆ ಒತ್ತಬೇಡಿ, ತಿದ್ದಿದ ನೆರಳಿನ ಸಾಲುಗಳು ಹಳೆಯದಕ್ಕೇ ಹೋಗುತ್ತವೆ.

ಪ್ರಶ್ನೆ: ಆನ್‌ಲೈನ್ ಆಟಗಳಲ್ಲೂ ಹೀಗೆ ಮಾಡಬಹುದಾ?

ಉತ್ತರ: ಮೊದಲು ಆ ಆಟದ ನಿಯಮ ಓದಿ. ಹುಲ್ಲು, ಮಂಜು ತೆಗೆದರೆ ಅಡಗಿರುವ ಎದುರಾಳಿ ಕಂಡುಬಿಡುತ್ತಾನೆ, ಅದಕ್ಕೇ ಕೆಲವು ಆಟಗಳು ಇಂಥ ತಿದ್ದುಪಡಿಯನ್ನು ಮೋಸ ಅಂತಲೇ ನೋಡುತ್ತವೆ. ಅನುಮಾನ ಇದ್ದರೆ ಮೆನುವಿನಲ್ಲಿ ಇರುವುದನ್ನಷ್ಟೇ ಬದಲಿಸಿ.