ಫುಟಿ ಪ್ರಶ್ನೋತ್ತರ: ಇಪ್ಪತ್ತರ ಹುಡುಗನನ್ನು ಇಟ್ಟುಕೊಳ್ಳೋಣವೋ, ಬಿಟ್ಟುಕೊಡೋಣವೋ?

ಆಸ್ಟ್ರೇಲಿಯನ್ ಫುಟ್‌ಬಾಲ್ (ಫುಟಿ), ಅದರ ದೊಡ್ಡ ಲೀಗ್ ಎಎಫ್‌ಎಲ್ ಬಗ್ಗೆ ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಜಾಡಿನವು: ಎಳೆಯ ಆಟಗಾರ, ಮುಗಿಯುತ್ತಿರುವ ಒಪ್ಪಂದ, ಮುಂದೇನು? ಐದನ್ನು ಆರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮ ಕ್ಲಬ್‌ನಲ್ಲಿ ಎತ್ತರದ ಫಾರ್ವರ್ಡ್ ಹುಡುಗನೊಬ್ಬ ಇದ್ದಾನೆ, ವಯಸ್ಸು ಇಪ್ಪತ್ತು. ಡ್ರಾಫ್ಟ್‌ನ (ಕ್ಲಬ್‌ಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪದ್ಧತಿ) ಎರಡನೇ ಸುತ್ತಿನಲ್ಲಿ ಬಂದವನು. ಎರಡು ಸೀಸನ್‌ನಲ್ಲಿ ಸೀನಿಯರ್ ತಂಡಕ್ಕೆ ಆಡಿದ್ದು ನಾಲ್ಕೇ ಮ್ಯಾಚ್, ಹೊಡೆದದ್ದು ಮೂರು ಗೋಲು. ಈ ವರ್ಷ ಒಪ್ಪಂದ ಮುಗಿಯುತ್ತದೆ. ಇಟ್ಟುಕೊಳ್ಳಬೇಕು ಅಂತ ಮಗ, ಟ್ರೇಡ್ ಮಾಡಬೇಕು, ಅಂದರೆ ಬೇರೆ ಕ್ಲಬ್‌ಗೆ ಕೊಟ್ಟು ಬದಲಿ ಪಡೆಯಬೇಕು, ಅಂತ ನಾನು. ಯಾರು ಸರಿ?
*ಟಾರ್ನೀಟ್, ಮೆಲ್ಬರ್ನ್*

ಉತ್ತರ: ಬಹುಮಟ್ಟಿಗೆ ನಿಮ್ಮ ಮಗನೇ ಸರಿ. ಆದರೆ ಅವನು ಕೊಡುವ ಕಾರಣ ಸರಿಯೋ ಅಂತ ಒಮ್ಮೆ ಕೇಳಿ ನೋಡಿ. ‘ಚೆನ್ನಾಗಿ ಆಡ್ತಾನೆ’ ಅನ್ನುವುದು ಕಾರಣವಲ್ಲ.

ಮೊದಲು ನೋಡಬೇಕಾದ್ದು ಆಡುವ ಜಾಗ. ಚಿಕ್ಕ ಫಾರ್ವರ್ಡ್‌ಗಳು, ಹಾಫ್‌ಬ್ಯಾಕ್ ಓಟಗಾರರು ಹತ್ತೊಂಬತ್ತಕ್ಕೇ ಸೀನಿಯರ್ ತಂಡದಲ್ಲಿ ನೆಲೆಯೂರಬಲ್ಲರು, ಅವರ ಬಂಡವಾಳ ವೇಗ. ಎತ್ತರದವರ ಕೆಲಸ ಬೇರೆ. ಗಾಳಿಯಲ್ಲಿ ಚೆಂಡು ಇಳಿಯುವ ಹೊತ್ತಿಗೆ ತೂಕದಲ್ಲೂ ಅನುಭವದಲ್ಲೂ ತಮಗಿಂತ ಭಾರವಾದ ಡಿಫೆಂಡರ್‌ನ ಮೈಗೆ ಮೈ ಕೊಟ್ಟು ಜಾಗ ಉಳಿಸಿಕೊಳ್ಳಬೇಕು. ಆ ಗಟ್ಟಿತನ ಜಿಮ್‌ನಲ್ಲಿ ಎರಡು ಬೇಸಿಗೆ ಕಳೆದರೆ ಬರುವಂಥದಲ್ಲ. ಫಾರ್ವರ್ಡ್‌ಗೆ ನಾಲ್ಕೈದು ವರ್ಷ, ಆಟ ಶುರುವಾಗುವಾಗ ಚೆಂಡಿಗೆ ಹಾರುವ ರಕ್‌ಮನ್‌ಗೆ ಇನ್ನೂ ಒಂದೆರಡು ವರ್ಷ ಹೆಚ್ಚು ಹಿಡಿಯುತ್ತದೆ.

2009ರ ಡ್ರಾಫ್ಟ್ ನೆನಪಿಸಿಕೊಳ್ಳಿ. ಮೆಲ್ಬರ್ನ್ ಕ್ಲಬ್‌ನ ಕೈಯಲ್ಲಿ ಮೊದಲ ಎರಡೂ ಪಿಕ್, ಅಂದರೆ ಆರಿಸುವ ಸರದಿ, ಇದ್ದವು. ಟಾಮ್ ಸ್ಕಲ್ಲಿ, ಜ್ಯಾಕ್ ಟ್ರೆಂಗೋವ್ ಬಂದರು, ಇಬ್ಬರೂ ಮಿಡ್‌ಫೀಲ್ಡರ್‌ಗಳು. ಅದೇ ಡ್ರಾಫ್ಟ್‌ನ 34ನೇ ಪಿಕ್‌ನಲ್ಲಿ ಎರಡು ಮೀಟರ್ ದಾಟಿದ ರಕ್‌ಮನ್ ಮ್ಯಾಕ್ಸ್ ಗಾನ್ ಬಂದರು. ಸ್ಕಲ್ಲಿ ಎರಡೇ ಸೀಸನ್ ಆಡಿ ಜಿಡಬ್ಲ್ಯೂಎಸ್ (ಗ್ರೇಟರ್ ವೆಸ್ಟರ್ನ್ ಸಿಡ್ನಿ) ಕ್ಲಬ್‌ಗೆ ಹೊರಟರು. ಮೊಣಕಾಲಿನ ಪೆಟ್ಟುಗಳ ನಡುವೆ ಒಳಗೆ ಹೊರಗೆ ಆಗುತ್ತಿದ್ದ ಗಾನ್ ಮೊದಲ ಸಲ ವರ್ಷದ ಶ್ರೇಷ್ಠರನ್ನು ಹೆಸರಿಸುವ ಆಲ್-ಆಸ್ಟ್ರೇಲಿಯನ್ ತಂಡಕ್ಕೆ ಬಂದದ್ದು 2016ರಲ್ಲಿ. 2021ರಲ್ಲಿ ಕ್ಲಬ್ ಕಪ್ ಗೆದ್ದಾಗ ನಾಯಕ ಅವರೇ. ಎರಡನೇ ವರ್ಷದ ಕೊನೆಯಲ್ಲಿ ಅವರ ಮ್ಯಾಚ್ ಎಣಿಸಿ ತೀರ್ಪು ಕೊಟ್ಟಿದ್ದರೆ ಏನಾಗುತ್ತಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ.

ಎರಡನೆಯದು ಕ್ಲಬ್‌ನ ಲಿಸ್ಟ್. ಅದರಲ್ಲಿ ನಲವತ್ತಕ್ಕೂ ಹೆಚ್ಚು ಆಟಗಾರರು, ಮ್ಯಾಚ್ ದಿನ ಬೇಕಾದವರು 23 ಮಂದಿ. ಅದರಲ್ಲಿ ಎತ್ತರದ ಫಾರ್ವರ್ಡ್‌ಗಳಿಗೆ ಸಿಗುವುದು ಎರಡು ಜಾಗ, ಹೆಚ್ಚೆಂದರೆ ಮೂರು. ಒಂದು ಹಾಳೆ ತೆಗೆದುಕೊಳ್ಳಿ. ಆ ಜಾಗದಲ್ಲಿ ಆಡುವವರ ಹೆಸರು, ವಯಸ್ಸು, ಒಪ್ಪಂದ ಮುಗಿಯುವ ವರ್ಷ ಬರೆಯಿರಿ. ನಿಮ್ಮ ಹುಡುಗನ ಮುಂದಿರುವ ಇಬ್ಬರೂ ಮೂವತ್ತು ದಾಟಿದ್ದರೆ ಅವನನ್ನು ಬಿಡುವುದು ಹುಚ್ಚುತನ. ಇಬ್ಬರಿಗೂ 23, 24 ಆಗಿದ್ದು ಇನ್ನೂ ನಾಲ್ಕು ವರ್ಷದ ಒಪ್ಪಂದ ಇದ್ದರೆ ನಿಮ್ಮ ವಾದಕ್ಕೂ ಬಲ ಇದೆ, ಆಗ ಹುಡುಗನೇ ಬೇರೆ ಕಡೆ ನೋಡುತ್ತಾನೆ.

ಮೂರನೆಯದು ಹೆಚ್ಚಿನವರು ತಪ್ಪು ಮಾಡುವ ಜಾಗ: ಅಂಕಿಅಂಶ. ಎತ್ತರದ ಫಾರ್ವರ್ಡ್‌ಗೆ ಇಡೀ ಮ್ಯಾಚ್‌ನಲ್ಲಿ ಎಂಟು ಸಲ ಚೆಂಡು ಸಿಕ್ಕಿತು ಅಂದರೆ ಬೈಯುತ್ತೇವೆ. ಮುಂದಿನ ಸಲ ಚೆಂಡು ಬಿಟ್ಟು ಹುಡುಗನನ್ನೇ ನೋಡಿ. ವಿಂಗ್‌ನಿಂದ ಎತ್ತರಕ್ಕೆ ಒದ್ದ ಚೆಂಡು ಗೋಲಿನಿಂದ ಮೂವತ್ತು ಮೀಟರ್ ದೂರದಲ್ಲಿ ಇಳಿಯುತ್ತಿದೆ. ಇವನ ಬೆನ್ನಿಗೆ ಒಬ್ಬ ಅಂಟಿಕೊಂಡಿದ್ದಾನೆ, ಪಕ್ಕದಿಂದ ಇನ್ನೊಬ್ಬ ಹಾರಿ ಬರುತ್ತಿದ್ದಾನೆ. ಮಾರ್ಕ್, ಅಂದರೆ ಗಾಳಿಯಲ್ಲೇ ಕ್ಯಾಚ್, ಹಿಡಿಯುವುದು ಆಗದ ಮಾತು. ಬುದ್ಧಿಯಿರುವ ಹುಡುಗ ಒಂದು ಕೈ ಮುಷ್ಟಿ ಮಾಡಿ ಚೆಂಡನ್ನು ತನ್ನ ಮುಂದಕ್ಕೆ, ಸಣ್ಣ ಫಾರ್ವರ್ಡ್‌ಗಳು ನುಗ್ಗುವ ದಿಕ್ಕಿಗೆ ತಟ್ಟುತ್ತಾನೆ. ಗೋಲು ಬೇರೆಯವನ ಹೆಸರಿಗೆ ಬೀಳುತ್ತದೆ, ಪತ್ರಿಕೆಯಲ್ಲಿ ಇವನ ಸಾಲು ಖಾಲಿ. ಕೋಚ್ ನೋಡುವುದು ಅದನ್ನೇ. ಇನ್ನೊಂದು: ಕೆಳಗೆ ಬಿದ್ದ ಮೇಲೆ ಏಳಲು ಎಷ್ಟು ಹೊತ್ತು ತೆಗೆದುಕೊಂಡ, ಮೊದಲ ಓಟಕ್ಕೆ ಚೆಂಡು ಬರದಿದ್ದರೆ ಎರಡನೇ ಸಲ ಓಡಿದನೋ, ಸೊಂಟಕ್ಕೆ ಕೈ ಕೊಟ್ಟು ನಿಂತನೋ? ಇದನ್ನು ಗ್ಯಾಲರಿಯಿಂದಲೇ ನೋಡಬಹುದು, ಟಿವಿಯಲ್ಲಿ ಕಾಣುವುದಿಲ್ಲ.

ರಿಸರ್ವ್ಸ್‌ನಲ್ಲಿ, ಅಂದರೆ ನಿಮ್ಮ ಊರಿನ ಎರಡನೇ ದರ್ಜೆಯ ಲೀಗ್ ವಿಎಫ್‌ಎಲ್‌ನಲ್ಲಿ, ನಾಲ್ಕು ಗೋಲು ಹೊಡೆದ ಅಂತ ಕುಣಿಯುವುದೂ ಬೇಡ. ಎದುರಿದ್ದ ಡಿಫೆಂಡರ್ ಎಎಫ್‌ಎಲ್ ಕ್ಲಬ್‌ನ ಲಿಸ್ಟ್‌ನಲ್ಲಿ ಇದ್ದವನೋ, ವಾರಕ್ಕೆರಡು ಸಂಜೆ ಅಭ್ಯಾಸಕ್ಕೆ ಬಂದು ಹಗಲು ಬೇರೆ ಕೆಲಸ ಮಾಡುವವನೋ, ಅದನ್ನು ವಿಚಾರಿಸಿ. ಹಾಗೆಯೇ ಆ ‘ನಾಲ್ಕು ಮ್ಯಾಚ್’ ಲೆಕ್ಕವನ್ನೂ ಬಿಡಿಸಿ ನೋಡಿ. 2023ರಿಂದ 2025ರವರೆಗೆ ಇದ್ದ ಸಬ್‌ಸ್ಟಿಟ್ಯೂಟ್ ಪದ್ಧತಿಯಲ್ಲಿ ಕೊನೆಯ ಕ್ವಾರ್ಟರ್‌ನಲ್ಲಿ ಮಾತ್ರ ಮೈದಾನಕ್ಕಿಳಿದವನ ಖಾತೆಗೂ ಒಂದು ಪೂರ್ತಿ ಮ್ಯಾಚ್ ಸೇರುತ್ತಿತ್ತು.

ಇನ್ನು ಒಪ್ಪಂದ. ಎರಡನೇ ಸುತ್ತಿನಲ್ಲಿ ಬಂದವರಿಗೆ ಮೊದಲ ಒಪ್ಪಂದ ಎರಡು ವರ್ಷ. ಮೊದಲ ಸುತ್ತಿನವರಿಗೆ ಈಗ ಮೂರು. ಕ್ಲಬ್ ಇವನಿಗೆ ಒಂದೇ ವರ್ಷ ಹೆಚ್ಚಿಗೆ ಕೊಡುತ್ತೇನೆ ಅಂದರೆ ಅವರಿಗೂ ನಿಮ್ಮಷ್ಟೇ ಅನುಮಾನ ಇದೆ ಅಂತ ಅರ್ಥ. ಎರಡು ವರ್ಷ ಕೊಟ್ಟರೆ ಜಾಗ ನೋಡಿಟ್ಟಿದ್ದಾರೆ. ಟ್ರೇಡ್ ವಾದಕ್ಕೆ ಇರುವ ದೊಡ್ಡ ತೊಡಕು ಬೆಲೆ. ನಾಲ್ಕು ಮ್ಯಾಚ್ ಆಡಿದ, ಒಪ್ಪಂದ ಮುಗಿದ ಹುಡುಗನಿಗೆ ಸಿಗುವುದು ಮೂರನೇ ಸುತ್ತಿನ ಪಿಕ್ ಇದ್ದೀತು. ಅದರಿಂದ ಬರುವವನು ಇನ್ನೊಬ್ಬ ಹದಿನೆಂಟರ ಹುಡುಗ, ಅವನಿಗೂ ಮತ್ತೆ ನಾಲ್ಕೈದು ವರ್ಷ ಕಾಯಬೇಕು. ಈಗಾಗಲೇ ಎರಡು ವರ್ಷ ಬೆಂದಿರುವುದನ್ನು ಕೊಟ್ಟು ಹಸಿಯದನ್ನು ತರುವುದು ಯಾವ ವ್ಯಾಪಾರ?

ಪ್ರಶ್ನೆ: ಐಪಿಎಲ್ ಹರಾಜು ನೋಡಿ ಬೆಳೆದವರು ನಾವು. ಅಲ್ಲಿನ ಕ್ಲಬ್ ತನ್ನ ಹುಡುಗನನ್ನು ಬೇಕೆಂದಾಗ ಮಾರಬಹುದೇ? ಒಪ್ಪಂದ ಬಾಕಿ ಇರುವಾಗಲೇ ಜೇಸನ್ ಹಾರ್ನ್-ಫ್ರಾನ್ಸಿಸ್ ನಾರ್ತ್ ಮೆಲ್ಬರ್ನ್‌ನಿಂದ ಹೇಗೆ ಹೊರಟರು?
*ಮೈಸೂರು*

ಉತ್ತರ: ಮಾರಲಾಗದು. ಆಟಗಾರ ಒಪ್ಪದೆ ಟ್ರೇಡ್ ಇಲ್ಲ. ಒಪ್ಪಂದ ಬಾಕಿ ಇದ್ದರೆ ಕ್ಲಬ್ ಕೂಡ ‘ಬಿಡುವುದಿಲ್ಲ’ ಅನ್ನಬಹುದು. ಎರಡು ಕಡೆಯೂ ತಲೆಯಾಡಿಸಬೇಕು. ಅದು ನಡೆಯುವುದು ಅಕ್ಟೋಬರ್‌ನಲ್ಲಿ, ಗ್ರ್ಯಾಂಡ್ ಫೈನಲ್ ಮುಗಿದ ಮೇಲಿನ ಕೆಲವೇ ದಿನಗಳಲ್ಲಿ. ಹಣ ಕೊಟ್ಟು ಕೊಳ್ಳುವ ಪದ್ಧತಿಯೂ ಇಲ್ಲ. ಆಟಗಾರನಿಗೆ ಬದಲಾಗಿ ಆಟಗಾರ ಅಥವಾ ಡ್ರಾಫ್ಟ್ ಪಿಕ್.

ಹಾರ್ನ್-ಫ್ರಾನ್ಸಿಸ್ ಅಡಿಲೇಡ್ ಕಡೆಯವರು. 2021ರ ಡ್ರಾಫ್ಟ್‌ನ ಮೊದಲ ಪಿಕ್‌ನಲ್ಲಿ ನಾರ್ತ್ ಮೆಲ್ಬರ್ನ್ ಸೇರಿದರು. 2022ರಲ್ಲಿ ಆ ತಂಡ ಗೆದ್ದದ್ದು ಎರಡೇ ಮ್ಯಾಚ್, ಸೀಸನ್ ನಡುವೆಯೇ ಕೋಚ್ ಡೇವಿಡ್ ನೋಬಲ್ ಹೋದರು. ಹುಡುಗ ಊರಿಗೆ ಹೋಗುತ್ತೇನೆ ಅಂದರು. ಎರಡು ವರ್ಷದ ಒಪ್ಪಂದದಲ್ಲಿ ಇನ್ನೊಂದು ವರ್ಷ ಬಾಕಿ ಇತ್ತು. ಹಟ ಹಿಡಿದು ಕೂರಿಸಿಕೊಳ್ಳಬಹುದಿತ್ತು. ಆದರೆ ಮರುವರ್ಷ ಒಪ್ಪಂದ ಮುಗಿದ ಮೇಲೆ ಬೆಲೆ ಅರ್ಧಕ್ಕಿಳಿಯುತ್ತದೆ ಅನ್ನುವುದು ಕ್ಲಬ್‌ಗೆ ಗೊತ್ತಿತ್ತು.

ಆಮೇಲೆ ನಡೆದದ್ದು ನಾಲ್ಕು ಕ್ಲಬ್‌ಗಳ ಒಪ್ಪಂದ. ಹಾರ್ನ್-ಫ್ರಾನ್ಸಿಸ್ ಪೋರ್ಟ್ ಅಡಿಲೇಡ್‌ಗೆ, ಆ ವರ್ಷದ ಡ್ರಾಫ್ಟ್‌ನ ಮೊದಲ ಪಿಕ್ ಜಿಡಬ್ಲ್ಯೂಎಸ್‌ಗೆ, ಎರಡು ಮತ್ತು ಮೂರನೇ ಪಿಕ್ ನಾರ್ತ್‌ಗೆ, ವೆಸ್ಟ್ ಕೋಸ್ಟ್‌ಗೆ ಅದರ ಪಾಲು. ಬ್ರಿಸ್ಬೇನ್ ತನ್ನ ಹಳೆಯ ಆಟಗಾರನ ಮಗ ವಿಲ್ ಆ್ಯಶ್‌ಕ್ರಾಫ್ಟ್ ಅವರನ್ನು, ಅಂಥ ಮಗನ ಮೇಲೆ ಕ್ಲಬ್‌ಗೆ ಮೊದಲ ಹಕ್ಕು ಕೊಡುವ ತಂದೆ-ಮಗ ನಿಯಮದಡಿ, ತೆಗೆದುಕೊಂಡದ್ದರಿಂದ ನಾರ್ತ್‌ನ ಪಿಕ್‌ಗಳು ಒಂದೊಂದು ಸ್ಥಾನ ಕೆಳಗೆ ಜಾರಿದವು. ಆದರೂ ಮೂರಕ್ಕೆ ಹ್ಯಾರಿ ಶೀಝಲ್, ನಾಲ್ಕಕ್ಕೆ ಜಾರ್ಜ್ ವಾರ್ಡ್‌ಲಾ ಸಿಕ್ಕರು. ಶೀಝಲ್ 2023ರಲ್ಲಿ, ಮೊದಲ ಸೀಸನ್‌ನಲ್ಲೇ, ಲೀಗ್‌ನ ರೈಸಿಂಗ್ ಸ್ಟಾರ್ ಪ್ರಶಸ್ತಿಯನ್ನೂ ಕ್ಲಬ್‌ನ ಶ್ರೇಷ್ಠ ಆಟಗಾರ ಪದಕವನ್ನೂ ಗೆದ್ದರು. ನಾರ್ತ್ ಅಭಿಮಾನಿಗಳು ಈಗಲೂ ಹಾರ್ನ್-ಫ್ರಾನ್ಸಿಸ್‌ಗೆ ಬೂ ಅನ್ನುತ್ತಾರೆ. ನಮಗೆ ಕಂಡಂತೆ ಆ ವ್ಯಾಪಾರದಲ್ಲಿ ನಾರ್ತ್ ಮೋಸ ಹೋಗಲಿಲ್ಲ.

ಪ್ರಶ್ನೆ: ಒಪ್ಪಂದ ಮುಗಿದಿದೆ, ಹೋಗಬೇಕಾದ ಕ್ಲಬ್ ಗೊತ್ತಿದೆ, ಆದರೆ ಎರಡು ಕ್ಲಬ್‌ಗಳು ಬೆಲೆಗೆ ಒಪ್ಪಲಿಲ್ಲ. ಆಗ?
*ಅಡಿಲೇಡ್*

ಉತ್ತರ: ಎಂಟು ವರ್ಷ ಒಂದೇ ಕ್ಲಬ್‌ನಲ್ಲಿ ಆಡಿದ್ದರೆ ಫ್ರೀ ಏಜೆನ್ಸಿ, ಅಂದರೆ ಟ್ರೇಡ್ ಇಲ್ಲದೆ ಬೇರೆ ಕ್ಲಬ್‌ಗೆ ಹೋಗುವ ದಾರಿ, ಇದೆ. ಎಳೆಯರಿಗೆ ಅದಿಲ್ಲ. ಅವರ ಮುಂದೆ ಎರಡು ದಾರಿ: ಹಳೆ ಕ್ಲಬ್‌ಗೇ ಸಹಿ ಹಾಕುವುದು, ಇಲ್ಲವೇ ಮುಖ್ಯವಾದ ನ್ಯಾಷನಲ್ ಡ್ರಾಫ್ಟ್ ಅಥವಾ ಅದರ ನಂತರದ ಪ್ರೀ-ಸೀಸನ್ ಡ್ರಾಫ್ಟ್‌ಗೆ ಹೆಸರು ಕೊಡುವುದು. ಎರಡನೆಯದರಲ್ಲಿ ಅಪಾಯ ಇದೆ. ಪಾಯಿಂಟ್ ಪಟ್ಟಿಯಲ್ಲಿ ಕೆಳಗಿರುವ ತಂಡ ಮೊದಲು ಆರಿಸುತ್ತದೆ, ಬೇಡದ ಊರಿಗೆ ಹೋಗಬೇಕಾದೀತು. ಅದಕ್ಕೇ ಆಟಗಾರ ತನ್ನ ಸಂಬಳದ ಷರತ್ತನ್ನು ಮೊದಲೇ ದಾಖಲಿಸುತ್ತಾನೆ. ಯಾರು ಆರಿಸಿದರೂ ಅಷ್ಟು ಕೊಡಲೇಬೇಕು. ಮೊದಲ ವರ್ಷಕ್ಕೇ ಹೆಚ್ಚು ಹಣ ಬರುವಂತೆ ಷರತ್ತಿಟ್ಟರೆ ವೇತನದ ಮಿತಿಯಲ್ಲಿ ಜಾಗವಿಲ್ಲದ ಕ್ಲಬ್‌ಗಳು ದೂರ ಸರಿಯುತ್ತವೆ. 2019ರಲ್ಲಿ ಜ್ಯಾಕ್ ಮಾರ್ಟಿನ್ ಗೋಲ್ಡ್ ಕೋಸ್ಟ್ ಬಿಟ್ಟು ಕಾರ್ಲ್ಟನ್ ಸೇರಿದ್ದು ಪ್ರೀ-ಸೀಸನ್ ಡ್ರಾಫ್ಟ್ ಮೂಲಕ. ಇನ್ನೂ ಹಿಂದೆ, 2009ರಲ್ಲಿ, ಲ್ಯೂಕ್ ಬಾಲ್ ಸೇಂಟ್ ಕಿಲ್ಡಾದಿಂದ ಹೀಗೇ ಹೊರಬಿದ್ದು ನ್ಯಾಷನಲ್ ಡ್ರಾಫ್ಟ್‌ನ 30ನೇ ಪಿಕ್‌ನಲ್ಲಿ ಕಾಲಿಂಗ್‌ವುಡ್ ಸೇರಿದರು. ಮರುವರ್ಷ ಕಾಲಿಂಗ್‌ವುಡ್ ಕಪ್ ಗೆದ್ದದ್ದು ಅದೇ ಸೇಂಟ್ ಕಿಲ್ಡಾದ ಎದುರು. ಬೆಲೆ ಸಾಲದೆಂದು ಟ್ರೇಡ್ ತಿರಸ್ಕರಿಸಿದ ಕ್ಲಬ್‌ಗೆ ಆ ಆಟಗಾರನ ಬದಲಿಗೆ ದಕ್ಕಿದ್ದು ಸೊನ್ನೆ.

ಪ್ರಶ್ನೆ: ಮೊದಲ ಪಿಕ್‌ನಲ್ಲಿ ಬಂದವರೂ ಸೋಲುತ್ತಾರಲ್ಲ, ತಪ್ಪು ಆರಿಸಿದವರದೋ, ಆಟಗಾರನದೋ?
*ಬೆಂಗಳೂರು*

ಉತ್ತರ: ಹಲವು ಸಲ ಬಳಸಿಕೊಂಡವರದು. ಜ್ಯಾಕ್ ವಾಟ್ಸ್ 2008ರ ಮೊದಲ ಪಿಕ್, ಸೇರಿದ್ದು ಮೆಲ್ಬರ್ನ್ ಕ್ಲಬ್. 2009ರಲ್ಲಿ, ಇನ್ನೂ ಶಾಲೆಯ ಕೊನೆಯ ವರ್ಷದಲ್ಲಿರುವಾಗಲೇ, ಕ್ವೀನ್ಸ್ ಬರ್ತ್‌ಡೇ ದಿನ ಎಂಸಿಜಿಯಲ್ಲಿ ಕಾಲಿಂಗ್‌ವುಡ್ ಎದುರು ಇಳಿಸಿದರು. ಮೈ ಬಲಿಯದ ಹುಡುಗ, ಚೆಂಡು ಸಿಕ್ಕಿದ ಕ್ಷಣಕ್ಕೇ ಮೂವರು ಮುಗಿಬಿದ್ದರು. ಮೆಲ್ಬರ್ನ್‌ನಲ್ಲಿದ್ದಷ್ಟು ಕಾಲ ಹಂಗಾಮಿಗಳನ್ನು ಬಿಟ್ಟೇ ನಾಲ್ವರು ಕೋಚ್‌ಗಳನ್ನು ಕಂಡರು. ಒಬ್ಬರಿಗೆ ಫಾರ್ವರ್ಡ್, ಇನ್ನೊಬ್ಬರಿಗೆ ಡಿಫೆಂಡರ್. 2017ರ ಕೊನೆಗೆ ಅವರನ್ನು ಪೋರ್ಟ್ ಅಡಿಲೇಡ್‌ಗೆ ಬಿಟ್ಟುಕೊಟ್ಟರು.

ಟಾಮ್ ಬಾಯ್ಡ್ 2013ರ ಮೊದಲ ಪಿಕ್. ಒಂದೇ ಸೀಸನ್ ಆದ ಮೇಲೆ ಜಿಡಬ್ಲ್ಯೂಎಸ್‌ನಿಂದ ವೆಸ್ಟರ್ನ್ ಬುಲ್‌ಡಾಗ್ಸ್‌ಗೆ, ಭಾರಿ ಮೊತ್ತದ ದೀರ್ಘ ಒಪ್ಪಂದಕ್ಕೆ. 2016ರ ಫೈನಲ್‌ನಲ್ಲಿ ಮೂರು ಗೋಲು ಹೊಡೆದರು, ಕ್ಲಬ್ 1954ರ ನಂತರ ಮೊದಲ ಸಲ ಕಪ್ ಎತ್ತಿತು. 2019ರಲ್ಲಿ, 23ನೇ ವಯಸ್ಸಿಗೇ ಆಟ ಬಿಟ್ಟರು. ಇವರನ್ನು ‘ಸೋತವರು’ ಅನ್ನುವವರಿಗೆ ಆ ಕಪ್ಪನ್ನು ತೋರಿಸಬೇಕು. ಬುಲ್‌ಡಾಗ್ಸ್ ಅಭಿಮಾನಿಗಳು ಆ ಸಂಬಳದ ಬಗ್ಗೆ ಚಕಾರ ಎತ್ತುವುದಿಲ್ಲ.

ಪ್ರಶ್ನೆ: ಡಿಲಿಸ್ಟ್ ಆದರೆ, ಅಂದರೆ ಕ್ಲಬ್ ತನ್ನ ಲಿಸ್ಟ್‌ನಿಂದ ಕೈಬಿಟ್ಟರೆ, ಕತೆ ಮುಗಿದಂತೆಯೇ?
*ಪರ್ತ್*

ಉತ್ತರ: ಇಲ್ಲ. ಎಷ್ಟೋ ಸಲ ಅದೇ ಕ್ಲಬ್ ಕೆಲವು ವಾರಗಳಲ್ಲಿ ರೂಕಿ (ಲಿಸ್ಟ್‌ನ ಹೆಚ್ಚುವರಿ ಜಾಗದ ಆಟಗಾರ) ಆಗಿ ವಾಪಸ್ ಕರೆಯುತ್ತದೆ, ಲಿಸ್ಟ್‌ನಲ್ಲಿ ಜಾಗ ಹೊಂದಿಸುವ ಲೆಕ್ಕಾಚಾರ ಅದು. ಬೇರೆ ಕ್ಲಬ್‌ಗೆ ಡ್ರಾಫ್ಟ್ ಇಲ್ಲದೆ ನೇರ ಸೇರಲೂಬಹುದು. ಇವೆರಡೂ ಆಗದಿದ್ದರೆ ನಿಮ್ಮೂರಿನ ರಾಜ್ಯ ಮಟ್ಟದ ಲೀಗ್ ಡಬ್ಲ್ಯೂಎಎಫ್‌ಎಲ್ ಇದೆ, 2019ರಿಂದ ಮತ್ತೆ ಶುರುವಾದ ಮಿಡ್-ಸೀಸನ್ ಡ್ರಾಫ್ಟ್ ಇದೆ. ಎಎಫ್‌ಎಲ್ ಬಾಗಿಲು ಒಮ್ಮೆಯೂ ತೆರೆಯದ ಮಾರ್ಲಿಯನ್ ಪಿಕೆಟ್ ಅವರನ್ನು ಆ ವರ್ಷವೇ, 27ನೇ ವಯಸ್ಸಿನಲ್ಲಿ, ಡಬ್ಲ್ಯೂಎಎಫ್‌ಎಲ್‌ನ ಸೌತ್ ಫ್ರೀಮ್ಯಾಂಟಲ್‌ನಿಂದ ರಿಚ್‌ಮಂಡ್ ಕರೆದುಕೊಂಡಿತು. ಅವರ ಮೊಟ್ಟಮೊದಲ ಎಎಫ್‌ಎಲ್ ಮ್ಯಾಚ್ 2019ರ ಗ್ರ್ಯಾಂಡ್ ಫೈನಲ್. ರಿಚ್‌ಮಂಡ್ 89 ಪಾಯಿಂಟ್‌ಗಳಿಂದ ಗೆದ್ದಿತು, ಪಿಕೆಟ್ ಒಂದು ಗೋಲನ್ನೂ ಹೊಡೆದರು.