ಚೀಲದಲ್ಲಿ ಕಲ್ಲು ತರಬೇಡಿ

ಪ್ರಶ್ನೆ: ಸರ್, ಆಳಂದ ಕಡೆ ನಮ್ಮ ಹೊಲದ ಪಕ್ಕದ ಗುಡ್ಡದ ನೆತ್ತಿಯಲ್ಲಿ ಒಂದು ಕರಿಕಲ್ಲು ಸಿಕ್ಕಿದೆ. ಕಂಪಾಸ್ ಹಿಡಿದರೆ ಮುಳ್ಳು ಗಿರ್ರನೆ ತಿರುಗುತ್ತದೆ. ಲಾವಾ ಕಲ್ಲಿನಲ್ಲಿ ಹಳೇ ಕಾಲದ ಕಾಂತಕ್ಷೇತ್ರ ಉಳಿದಿರುತ್ತದೆ ಎಂದು ಓದಿದ್ದೇನೆ. ಕಲ್ಲು ತಂದುಕೊಟ್ಟರೆ ಅದರ ವಯಸ್ಸು, ಆಗಿನ ಉತ್ತರ ದಿಕ್ಕು ಹೇಳುತ್ತೀರಾ?

ಉತ್ತರ: ದಯವಿಟ್ಟು ತರಬೇಡಿ. ಇದೇ ಪ್ರಶ್ನೆ ಎಷ್ಟು ಸಲ ಬಂದಿದೆಯೆಂದರೆ, ನನ್ನ ಮೇಜಿನ ಕೆಳಗೆ ಈಗ ಕಾಲಿಡಲು ಜಾಗವಿಲ್ಲ.

ಲಾವಾ ಆರುವಾಗ ಅದರ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜದ ಕಣಗಳು ಆಗಿನ ಕಾಂತಕ್ಷೇತ್ರದ ದಿಕ್ಕು ಹಿಡಿದಿಟ್ಟುಕೊಳ್ಳುತ್ತವೆ. ಅದನ್ನು ನೀವೇ ಓದಿದ್ದೀರಿ, ಮತ್ತೆ ಬರೆಯಲ್ಲ. ಆದರೆ ಆ ದಿಕ್ಕಿಗೆ ಅರ್ಥ ಇರುವುದು ಕಲ್ಲು ಆರಿದ ಜಾಗದಲ್ಲೇ, ಆರಿದ ಹಾಗೇ ಇದ್ದರೆ ಮಾತ್ರ. ಎತ್ತಿ ಚೀಲಕ್ಕೆ ಹಾಕಿದಿರಿ, ಮೇಲೆ ಯಾವುದು ಕೆಳಗೆ ಯಾವುದು ಎಂಬುದೇ ಹೋಯಿತು. ನೇಗಿಲಿಗೆ ಸಿಕ್ಕಿ ಮಗುಚಿದ ಕಲ್ಲಿನದೂ ಇದೇ ಕಥೆ.

ಇನ್ನು ನಿಮ್ಮ ಕಂಪಾಸ್. ಮುಳ್ಳು ಜೋರಾಗಿ ತಿರುಗಿತು ಅಂದರೆ ಒಳ್ಳೇ ಕಲ್ಲು ಎಂದು ಎಲ್ಲರೂ ಖುಷಿಪಡುತ್ತಾರೆ. ನನಗೆ ಅಲ್ಲೇ ಅನುಮಾನ. ಗುಡ್ಡದ ನೆತ್ತಿಯ ಬಂಡೆಗೆ ಸಿಡಿಲು ಬಡಿದಿರುತ್ತದೆ. ಸಿಡಿಲಿನ ವಿದ್ಯುತ್ತು ಹರಿದ ಕಡೆ ಕಲ್ಲು ಹೊಸದಾಗಿ, ಬಲವಾಗಿ ಕಾಂತವಾಗುತ್ತದೆ, ಹಳೆಯದು ಅದರಡಿ ಮುಚ್ಚಿಹೋಗುತ್ತದೆ. ಕಂಪಾಸನ್ನು ಬಂಡೆ ಮೇಲೆ ನಾಲ್ಕು ಬೆರಳು ಸರಿಸಿದರೂ ಮುಳ್ಳು ಬೇರೆ ಬೇರೆ ಕಡೆ ತಿರುಗಿದರೆ ಆ ಬಂಡೆ ಬಿಟ್ಟು ಮುಂದೆ ಹೋಗಬೇಕು. ನಮಗೆ ಬೇಕಾದದ್ದು ಖಣಿಯಲ್ಲಿ ಹೊಸದಾಗಿ ಕಡಿದ ಗೋಡೆ, ಅಥವಾ ನಿಮ್ಮೂರ ಹಳೇ ಬಾವಿ. ಬಾವಿಯೊಳಗೆ ಇಣುಕಿ ನೋಡಿ, ಕರಿಕಲ್ಲಿನ ಎರಡು ದಪ್ಪ ಪದರಗಳ ನಡುವೆ ಕೆಲವೆಡೆ ಕೆಂಪು ಮಣ್ಣಿನ ಗೆರೆ ಕಾಣುತ್ತದೆ. ಒಂದು ಲಾವಾ ಹರಿದು, ಆರಿ, ಮೇಲ್ಭಾಗ ಮಣ್ಣಾಗುವಷ್ಟು ಬಿಡುವು ಸಿಕ್ಕ ಮೇಲೆ ಇನ್ನೊಂದು ಹರಿದಿದೆ.

ಅಂಥ ಗೋಡೆಗೆ ನೀರು ಬಿಡುತ್ತಾ ವಜ್ರದ ಬಿಟ್‌ನಿಂದ ಎರಡೂವರೆ ಸೆಂ.ಮೀ. ಅಗಲದ ತೂತು ಕೊರೆಯುತ್ತೇವೆ. ಬೂದು ಬಣ್ಣದ ಕೆಸರು ಮೊಣಕೈ ತನಕ ಸಿಡಿಯುತ್ತದೆ. ತೂತಿನೊಳಗೆ ಉಳಿಯುವ ಉದ್ದನೆಯ ಕಲ್ಲಿನ ತುಂಡು, ಅಂದರೆ ಕೋರ್, ಇನ್ನೂ ಬುಡದಲ್ಲಿ ಅಂಟಿಕೊಂಡಿರುವಾಗಲೇ ಸೀಳಿರುವ ಕೊಳವೆ ತೂರಿಸಿ, ಆ ಸೀಳಿನಿಂದ ಹಿತ್ತಾಳೆ ತಂತಿಯಲ್ಲಿ ಗೆರೆ ಎಳೆಯಬೇಕು. ಕಬ್ಬಿಣದ ತಂತಿ ತಂದರೆ ನಾನು ಬೈಯುತ್ತೇನೆ. ದಿಕ್ಕನ್ನು ಕಂಪಾಸ್ ಒಂದನ್ನೇ ನಂಬಿ ಬರೆಯಲ್ಲ, ಬಂಡೆಯೇ ಮುಳ್ಳನ್ನು ಎಳೆಯಬಹುದು. ಕಡ್ಡಿಯ ನೆರಳು, ತಾರೀಖು, ಗಂಟೆ ನೋಡಿ ಸೂರ್ಯನಿಂದ ಲೆಕ್ಕ ಹಾಕುತ್ತೇವೆ. ಮೋಡ ಬಂದರೆ ಕಾಯಬೇಕು.

ಲ್ಯಾಬಿನಲ್ಲಿ ಹೊರಗಿನ ಕಾಂತಕ್ಷೇತ್ರ ಒಳಬಾರದ ಒಲೆಯಲ್ಲಿಟ್ಟು, 100, 200 ಹೀಗೆ 580 ಡಿಗ್ರಿವರೆಗೆ ಕಾಯಿಸಿ, ಪ್ರತಿ ಸಲ ಆರಿಸಿ ಅಳೆಯುತ್ತೇವೆ. ಇತ್ತೀಚೆಗೆ ಅಂಟಿಕೊಂಡ ದಿಕ್ಕು ಮೊದಲು ಕಳಚುತ್ತದೆ. ಹಟ ಹಿಡಿದು ಉಳಿಯುವುದು ಸಾಮಾನ್ಯವಾಗಿ ಹಳೆಯದು. ನಿಮ್ಮ ಕಡೆಯ ಕರಿಕಲ್ಲೂ ಸೇರಿರುವ ಡೆಕ್ಕನ್ ಲಾವಾದ ದೊಡ್ಡ ಪಾಲಿನಲ್ಲಿ ಅದು ದಕ್ಷಿಣ-ಆಗ್ನೇಯಕ್ಕೆ ಮುಖ ಮಾಡಿ ಕೆಳಕ್ಕೆ ಬಾಗಿರುತ್ತದೆ. ಅಂದರೆ ಆಗ ಭೂಮಿಯ ಕಾಂತಕ್ಷೇತ್ರ ಇವತ್ತಿಗೆ ತಿರುಗುಮುರುಗಾಗಿತ್ತು. ಬಾಗಿನ ಕೋನದಿಂದ ಅಕ್ಷಾಂಶ ಸಿಗುತ್ತದೆ: ಕೋನ 49 ಡಿಗ್ರಿ ಬಂದರೆ ಅಕ್ಷಾಂಶ 30. ಸುಮಾರು 6.6 ಕೋಟಿ ವರ್ಷದ ಹಿಂದೆ ನಮ್ಮ ನೆಲ ಭೂಮಧ್ಯರೇಖೆಯಿಂದ ಅಷ್ಟು ದಕ್ಷಿಣಕ್ಕೆ ಇತ್ತು. ಇಂದು ಕಲಬುರಗಿ ಉತ್ತರದ 17 ಡಿಗ್ರಿಯಲ್ಲಿದೆ, ಹತ್ತಿರ ಹತ್ತಿರ ಐದು ಸಾವಿರ ಕಿ.ಮೀ. ಪ್ರಯಾಣ. 1950ರ ದಶಕದಲ್ಲಿ, ಖಂಡ ಚಲಿಸುತ್ತದೆ ಎಂದರೆ ದೊಡ್ಡ ದೊಡ್ಡವರೇ ನಗುತ್ತಿದ್ದ ಕಾಲದಲ್ಲಿ, ಡೆಕ್ಕನ್ ಕಲ್ಲುಗಳನ್ನು ಅಳೆದವರಿಗೆ ಇದು ಕಂಡಿತ್ತು.

ವಯಸ್ಸು? ದಿಕ್ಕು ನೋಡಿ ವಯಸ್ಸು ಹೇಳಲ್ಲ. ಅದಕ್ಕೆ ಕಲ್ಲಿನೊಳಗೆ ಕೂಡಿಕೊಂಡ ಆರ್ಗಾನ್ ಅನಿಲದ ಅಳತೆ ಬೇರೆ ಇದೆ.

ಪ್ರಶ್ನೆ: ಯಾದಗಿರಿ ಕಡೆ ಒಬ್ಬರು ಮ್ಯಾಗ್ನೆಟ್ ಮಷಿನ್ ಹಿಡಿದು ಬೋರ್‌ವೆಲ್ ಪಾಯಿಂಟ್ ತೋರಿಸುತ್ತಾರೆ. ನಂಬಬಹುದೇ?

ಉತ್ತರ: ಗ್ರಾನೈಟ್ ನಡುವಿನ ಡೈಕ್, ಅಂದರೆ ಬಿರುಕಿನಲ್ಲಿ ತೂರಿ ಗಟ್ಟಿಯಾದ ಕರಿಕಲ್ಲಿನ ಗೋಡೆ, ಹುಡುಕಲು ಕಾಂತಕ್ಷೇತ್ರ ಅಳೆಯುವ ಮ್ಯಾಗ್ನೆಟೋಮೀಟರ್ ಬಳಸುವುದುಂಟು. ಅದು ಕಲ್ಲು ತೋರಿಸುತ್ತದೆ, ನೀರಲ್ಲ. ಮೊದಲು ತೆಂಗಿನಕಾಯಿ ಹಿಡಿಯುತ್ತಿದ್ದವರೇ ಈಗ ಮೊಬೈಲ್ ಆ್ಯಪ್ ಹಿಡಿದಿದ್ದಾರೆ, ಅಷ್ಟೇ ವ್ಯತ್ಯಾಸ. ಸಾಲ ಮಾಡಿ ಕೊರೆಸುವ ಮುಂಚೆ ಯೋಚಿಸಿ.

ಪ್ರಶ್ನೆ: ಮನೆಯ ಈಶಾನ್ಯ ಮೂಲೆ ಕಂಪಾಸ್‌ನಲ್ಲಿ ತಪ್ಪು ಬರುತ್ತಿದೆ, ಬಚ್ಚಲು ಒಡೆಸಿ ಎಂದು ವಾಸ್ತು ನೋಡುವವರು ಹೇಳುತ್ತಿದ್ದಾರೆ.

ಉತ್ತರ: ಮುಳ್ಳನ್ನು ಅಡಿಪಾಯದ ಕರಿಕಲ್ಲೋ ಪಿಲ್ಲರಿನ ಸರಳೋ ಎಳೆದಿರಬಹುದು. ಬಚ್ಚಲು ಇರಲಿ ಬಿಡಿ, ಬೇಕಾದರೆ ಅವರನ್ನು ಮನೆಯಿಂದ ಕಳಿಸಿ.

ಪ್ರಶ್ನೆ: ಶಹಾಬಾದ್ ಪರ್ಸಿಯಲ್ಲೂ ಇಂಥ ದಾಖಲೆ ಸಿಗುತ್ತದೆಯೇ?

ಉತ್ತರ: ಅದು ಸುಣ್ಣದ ಕಲ್ಲು, ಲಾವಾ ಅಲ್ಲ. ಕಾಂತತ್ವ ಬಹಳ ಕ್ಷೀಣ, ಅಳೆಯಲು ಬೇರೆಯೇ ತಾಳ್ಮೆ ಬೇಕು.

ಪ್ರಶ್ನೆ: ಭೂಮಿಯ ಕಾಂತಧ್ರುವ ತಿರುಗುಮುರುಗಾದರೆ ಕಿಲ್ಲಾರಿಯಂಥ ಭೂಕಂಪ ಆಗುತ್ತದಾ?

ಉತ್ತರ: ಇಲ್ಲ. ಕೊನೆಯ ಸಲ ಪೂರ್ತಿ ತಿರುಗಿದ್ದು ಸುಮಾರು 7.8 ಲಕ್ಷ ವರ್ಷದ ಹಿಂದೆ, ಕಿಲ್ಲಾರಿ ಭೂಕಂಪ ಆದದ್ದು 1993ರಲ್ಲಿ. ಹಾಗೆ ಹೆದರಿಸುವ ವಿಡಿಯೊ ನನಗೆ ಮತ್ತೆ ಫಾರ್ವರ್ಡ್ ಮಾಡಬೇಡಿ.