‘ಡೇಟ್ ಹತ್ತಿರ ಬಂತಾ?’

ಮುಟ್ಟಿಗೆ ಮುಂಚೆ ಮಗಳು ಅತ್ತರೆ, ಸಿಡುಕಿದರೆ ‘ಹಾರ್ಮೋನು, ಅಷ್ಟೇ ಮೇಡಂ’ ಎನ್ನುವ ಪೋಷಕರು ನನ್ನ ಮುಂದೆ ಮತ್ತೆ ಮತ್ತೆ ಬಂದು ಕೂರುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಹುಡುಗಿಗೆ 16. ತಿಂಗಳಲ್ಲಿ ಕೆಲವು ದಿನ ಅಳು, ಸಿಡಿಮಿಡಿ. ತಾಯಿ ರಕ್ತಪರೀಕ್ಷೆ ಮಾಡಿಸಿದ್ದರು; ಎಲ್ಲ ನಾರ್ಮಲ್. ‘ಹಾಗಾದ್ರೆ ನಾಟಕಾನಾ?’ ಅಂದರು. ನಾಟಕವಲ್ಲ. ಮುಟ್ಟಿಗೆ ಮುಂಚೆ ಹೀಗೆ ನರಳುವ ಮಹಿಳೆಯರ ಹಾರ್ಮೋನ್ ಮಟ್ಟ ಬೇರೆಯವರಷ್ಟೇ ಇರುತ್ತದೆ, ಸಹಜ ಏರಿಳಿತವೇ ಅವರನ್ನು ಕಾಡುತ್ತದೆ ಎಂದು 1998ರಲ್ಲೇ ಅಮೆರಿಕದ ಸಂಶೋಧಕ ಪೀಟರ್ ಶ್ಮಿಟ್ ಅವರ ತಂಡ ತೋರಿಸಿದೆ.

ಸಾಯುವ ಯೋಚನೆ ಬರುತ್ತದಾ ಎಂದು ಮೊದಲ ದಿನವೇ ನೇರವಾಗಿ ಕೇಳಿದೆ. ಇಲ್ಲ ಅಂದಳು. ಆಮೇಲೆ ಎರಡು ಋತುಚಕ್ರ ದಿನವೂ ಮನಸ್ಸಿನ ಸ್ಥಿತಿ ಬರೆದಿಡಲು ಹೇಳಿದೆ. ತಾಯಿಗೆ ಸಿಟ್ಟು ಬಂತು: ‘ಎರಡು ತಿಂಗಳು ಬರೀ ಬರೆಯೋದಾ?’ ಹೌದು, ಬರೀ ಬರೆಯೋದೇ. ನೆನಪಿನ ಮೇಲೆ ಹಣೆಪಟ್ಟಿ ಹಚ್ಚುವವಳು ನಾನಲ್ಲ.

ಅವಳು ತಂದದ್ದು ಗಣಿತದ ನೋಟ್‌ಬುಕ್ಕಿನ ಹಿಂದಿನ ಪುಟಗಳು. ದಿನದಿನದ ಮನಸ್ಸಿಗೆ ಅವಳು ಕೊಟ್ಟುಕೊಂಡ ಅಂಕಗಳು ಸ್ಪಷ್ಟವಾಗಿದ್ದವು: ಮುಟ್ಟಿಗೆ ಐದಾರು ದಿನ ಮುಂಚೆ ಕುಸಿತ, ಎರಡನೇ ದಿನಕ್ಕೆ ಚೇತರಿಕೆ. ತಾಯಿ ಗೆದ್ದವರಂತೆ ನಕ್ಕರು. ನನ್ನ ಕಣ್ಣು ಪಕ್ಕದ ಸಣ್ಣ ಅಕ್ಷರಗಳ ಮೇಲಿತ್ತು. ‘ಅಣ್ಣನ ಮಾರ್ಕ್ಸ್ ಎತ್ತಿದ್ರು. ಸುಮ್ನಿದ್ದೆ.’ ಇದು ಒಳ್ಳೆಯ ದಿನದ್ದು. ಕೆಟ್ಟ ದಿನದಲ್ಲೂ ಅದೇ ಮಾತು: ‘ಅಣ್ಣನ ಮಾರ್ಕ್ಸ್. ಕೂಗಾಡ್ದೆ.’

ಯಾಕೆ ಎರಡೂ ಬರೆದೆ ಎಂದು ಕೇಳಿದೆ.

‘ಕೂಗಿದ್ರೆ ಡೇಟ್ ಹತ್ತಿರ ಬಂತಾ ಅಂತಾರೆ. ಆಮೇಲೆ ನಾನು ಹೇಳಿದ್ದೆಲ್ಲ ಕ್ಯಾನ್ಸಲ್, ಮೇಡಂ.’

ತಾಯಿಯ ನಗು ಅಲ್ಲಿಗೆ ನಿಂತಿತು.

ನುಂಗಿಕೊಳ್ಳುವ ಶಕ್ತಿಯನ್ನು ಆ ವಾರ ಕಸಿದಿತ್ತು, ನಿಜ. ನೋವನ್ನು ಹುಟ್ಟಿಸಿದ್ದು ಆ ವಾರವಲ್ಲ. ಹಾಗಾಗಿ ಎರಡು ಸಲಹೆ ಕೊಟ್ಟೆ. ಒಂದು, ಈ ಪುಟಗಳನ್ನು ಹಿಡಿದು ಸ್ತ್ರೀರೋಗ ತಜ್ಞರನ್ನೂ ಮನೋವೈದ್ಯರನ್ನೂ ಕಾಣಬೇಕು. ಇದಕ್ಕೆ ಚಿಕಿತ್ಸೆ ಇದೆ, ಸಹಿಸಿಕೊಂಡೇ ಇರಬೇಕಿಲ್ಲ. ಎರಡು, ಮನೆಯಲ್ಲಿ ಜಗಳದ ನಡುವೆ ಡೇಟ್ ಕೇಳಕೂಡದು. ಅವಳು ಎತ್ತಿದ ವಿಷಯವನ್ನು ಒಳ್ಳೆಯ ವಾರದಲ್ಲಿ ತಾಯಿಯೇ ಮತ್ತೆ ಎತ್ತಬೇಕು. ಎರಡನೆಯದು ಮಗಳಿಗೆ ಸಲಿಗೆ ಕೊಟ್ಟಂತೆ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಇರಬಹುದು. ಕೇಳಿಸಿಕೊಳ್ಳದ ಮನೆಗೆ ಮಾತ್ರೆಯೊಂದನ್ನೇ ಕಳಿಸಲು ನನಗೆ ಮನಸ್ಸಾಗಲಿಲ್ಲ.

ಅಣ್ಣನ ಜೊತೆಗಿನ ಹೋಲಿಕೆ ಪೂರ್ತಿ ನಿಂತಿಲ್ಲ. ಮೂರನೇ ತಿಂಗಳ ಪುಟದಲ್ಲಿ, ಚಕ್ರದ ಒಂಬತ್ತನೇ ದಿನ, ಮನಸ್ಸಿಗೆ ಹತ್ತಕ್ಕೆ ಎಂಟು ಅಂಕ ಕೊಟ್ಟುಕೊಂಡು ಪಕ್ಕದಲ್ಲಿ ಬರೆದಿದ್ದಳು: ‘ಇವತ್ತು ಜಗಳ ಆಡ್ದೆ. ಬೇಕಂತಲೇ.’